ರುಚಿಯ ಪಂಕ್ತಿಭೇದ

ಲೋಕ ಭಿನ್ನರುಚಿಯದು ಎಂಬ ಮಾತನ್ನು ನಾವು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಆಡುತ್ತೇವೆ. ಊಟಕ್ಕೆ ಕುಳಿತಾಗ ಪಕ್ಕದ ಎಲೆಯವರು ಹಾಗಲಕಾಯಿ ಗೊಜ್ಜನ್ನು ಎರಡನೆಯ ಸಲ ಬಡಿಸಿಕೊಂಡರೆ ಒಂದು. ಸಿನಿಮಾದ ವಿಚಾರದಲ್ಲಿ ವಾದ ಬಿಸಿಯೇರಿ, ಇನ್ನು ಮುಂದುವರಿದರೆ ಸ್ನೇಹ ಕೆಟ್ಟೀತು ಎನ್ನಿಸಿದಾಗ ಇನ್ನೊಂದು. ಮೊದಲನೆಯ ಸಂದರ್ಭದಲ್ಲಿ ಆ ಮಾತು ನಿಜ. ಎರಡನೆಯದರಲ್ಲಿ ಅದು ನಿಜವೇ ಎಂಬ ಸಂಶಯ ನನಗೆ ಈಚೆಗೆ ಹುಟ್ಟಿದೆ. ಆ ಸಂಶಯ ಹುಟ್ಟಿದ ಬಗೆಯನ್ನು ಮೊದಲು ಹೇಳಿ, ಆಮೇಲೆ ಚಿತ್ರಗಳ ವಿಚಾರಕ್ಕೆ ಬರುತ್ತೇನೆ.

ಪ್ರತಿ ಭಾನುವಾರ ಸಂಜೆ ಬಸವನಗುಡಿಯಲ್ಲಿ ನಮ್ಮ ವಕೀಲರ ಮನೆಯ ಹಜಾರದಲ್ಲಿ ನಾವು ಐದು ಜನ ಸೇರುವುದು ರೂಢಿ. ಎಲ್ಲರೂ ಅರವತ್ತು ದಾಟಿದವರು. ಕಾಫಿ ಮುಗಿಯುವ ಹೊತ್ತಿಗೆ ಮಾತು ರಾಜಕೀಯವನ್ನು ಬಿಟ್ಟು ಸಿನಿಮಾಕ್ಕೆ ತಿರುಗಿರುತ್ತದೆ. ವಕೀಲರು ಪೌರಾಣಿಕ ಚಿತ್ರಗಳ ಭಕ್ತರು. 1934ರ ‘ಸತಿ ಸುಲೋಚನ’ದಿಂದ ಮೊದಲಾದ ಕನ್ನಡ ವಾಕ್ಚಿತ್ರ ಪುರಾಣದ ಹೊಟ್ಟೆಯಲ್ಲಿ ಹುಟ್ಟಿದ್ದು, ತಾಯಿಯನ್ನು ಮರೆಯಬಾರದು ಎನ್ನುವವರು. ಡಾಕ್ಟರಮ್ಮನಿಗೆ ಪುಟ್ಟಣ್ಣ ಕಣಗಾಲರ ಸಾಮಾಜಿಕ ಚಿತ್ರಗಳಾಗಬೇಕು. ಮೇಷ್ಟ್ರಿಗೆ 1970ರ ‘ಸಂಸ್ಕಾರ’ದಿಂದ ಈಚೆಗೆ ಬಂದ ಹೊಸ ಅಲೆಯನ್ನು ಬಿಟ್ಟರೆ ಉಳಿದದ್ದೆಲ್ಲ ಬರಿಯ ಆಟ. ಬ್ಯಾಂಕಿನಿಂದ ನಿವೃತ್ತರಾದ ಗೌಡರು ಮಂಡ್ಯದ ಕಡೆಯವರು. ಅವರಿಗೆ ಎರಡು ಬಗೆ ಪ್ರಿಯ. ಒಂದು ‘ಜೇಡರ ಬಲೆ’ಯಂಥ ಪತ್ತೇದಾರಿ ಚಿತ್ರ, ಇನ್ನೊಂದು ರಾಜಕುಮಾರರು ಹೊಲದಲ್ಲಿ ನಿಂತ ಚಿತ್ರ. ಇನ್ನು ನಾನು ಎಲ್ಲರ ಮಾತಿಗೂ ತಲೆದೂಗುವವನು. ಅದು ನನ್ನ ಔದಾರ್ಯವೆಂದೇ ಬಹುಕಾಲ ನಂಬಿದ್ದೆ.

ಒಂದು ಭಾನುವಾರ ‘ಬಂಗಾರದ ಮನುಷ್ಯ’ದ ಮಾತು ಬಂತು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ 1972ರಲ್ಲಿ ತೆರೆಕಂಡು, ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂಬುದು ವಾಚಕರಿಗೆ ತಿಳಿದೇ ಇದೆ. ಗೌಡರು ಅದರ ಕಡೆಯ ದೃಶ್ಯವನ್ನು ವರ್ಣಿಸುತ್ತಿದ್ದರು. ಮೇಷ್ಟ್ರು ನಡುವೆ ಬಾಯಿ ಹಾಕಿ, “ಗೌಡರೇ, ಅದು ಕಣ್ಣೀರಿನ ವ್ಯಾಪಾರ. ಅತ್ತವರು ಅತ್ತರು, ಟಿಕೆಟ್ ಮಾರಿದವರು ನಕ್ಕರು. ಅದನ್ನೂ ಕಲೆ ಅಂದರೆ ನಾನೇನು ಹೇಳಲಿ?” ಎಂದರು. ಹಜಾರದಲ್ಲಿ ಯಾರೂ ಮಾತಾಡಲಿಲ್ಲ. ನಾನು ರೂಢಿಯಂತೆ, “ಹೋಗಲಿ ಬಿಡಿ ಮೇಷ್ಟ್ರೇ, ಅವರವರ ರುಚಿ ಅವರವರಿಗೆ” ಎಂದು ನಕ್ಕೆ. ಗೌಡರೂ ನಕ್ಕರು. ಆದರೆ ಮುಂದಿನ ಮೂರು ಭಾನುವಾರ ಅವರು ಬರಲಿಲ್ಲ.

ನಾಲ್ಕನೆಯ ವಾರ ನಾನೇ ಅವರ ಮನೆಗೆ ಹೋದೆ. ಮೇಷ್ಟ್ರ ಪರವಾಗಿ ಕ್ಷಮೆ ಕೇಳುವುದು ನನ್ನ ಉದ್ದೇಶ. ಗೌಡರು ಅದನ್ನು ಅರ್ಧದಲ್ಲೇ ತಡೆದರು. “ಮೇಷ್ಟ್ರ ಮೇಲೆ ನನಗೆ ಬೇಜಾರಿಲ್ಲ. ಅವರು ಬೈದರು. ಬೈಯೋದಕ್ಕಾದರೂ ನಾನು ಹೇಳಿದ್ದನ್ನ ಕೇಳಿಸಿಕೊಂಡಿದ್ದರು. ನೀವು ‘ಅವರ ರುಚಿ ಅವರಿಗೆ’ ಅಂದಿರಲ್ಲ, ಅದು ಹೇಗಿತ್ತು ಗೊತ್ತೇ? ಊಟಕ್ಕೆ ಕರೆದು, ಬೇರೆ ಪಂಕ್ತಿಯಲ್ಲಿ ಎಲೆ ಹಾಕಿಸಿದ ಹಾಗಿತ್ತು.”

ಆಮೇಲೆ ಅವರು ಹೇಳಿದ್ದು ಇಷ್ಟು. ಗೌಡರ ಓದಿಗಾಗಿ ಅವರ ತಂದೆ ಊರಿನ ಎರಡು ಎಕರೆ ಗದ್ದೆ ಮಾರಿ, ಬೆಂಗಳೂರಿಗೆ ಬಂದು ಗಿರಣಿ ಸೇರಿದವರು. ಸ್ಟೇಟ್ಸ್‌ನಲ್ಲಿ ಈ ಚಿತ್ರ ನೋಡಿದ ರಾತ್ರಿ ಬಸ್ಸು ಹತ್ತದೆ, ಮಗನ ಕೈ ಹಿಡಿದು ಮನೆಯವರೆಗೂ ನಡೆದೇ ಬಂದರು. ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಗ್ಗೆ, ಮಾರಿದ ಗದ್ದೆ ಮತ್ತೆ ಕ್ರಯಕ್ಕೆ ಸಿಕ್ಕೀತೇ ಎಂದು ಊರಿಗೆ ಕಾಗದ ಬರೆಸಿದರು. ಅದಕ್ಕೆ ಉತ್ತರ ಬರಲಿಲ್ಲ. “ಚಿತ್ರ ಚೆನ್ನಾಗಿಲ್ಲ ಅಂತ ಯಾರಾದರೂ ವಾದ ಮಾಡಲಿ, ನಾನೂ ಮಾಡುತ್ತೇನೆ. ಆದರೆ ನಮ್ಮಪ್ಪ ಆ ರಾತ್ರಿ ನಡೆದದ್ದು ರುಚಿಗಾಗಿ ಅಂತ ಅನ್ನಬೇಡಿ” ಎಂದರು ಗೌಡರು.

ಮನೆಗೆ ಹಿಂದಿರುಗುವಾಗ ನನಗೆ ಒಂದು ಸಂಗತಿ ಹೊಳೆದು ನಾಚಿಕೆಯಾಯಿತು. ನಮ್ಮ ಗೋಷ್ಠಿಯಲ್ಲಿ ಎಲ್ಲರೂ ತಲೆಬಾಗಿ ಮೆಚ್ಚಿಕೊಂಡ ಚಿತ್ರವೊಂದಿದ್ದರೆ ಅದು ‘ಘಟಶ್ರಾದ್ಧ’. ಅನಂತಮೂರ್ತಿಯವರ ಕಥೆಯಿಂದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ಆ ಚಿತ್ರ, ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಅವಳನ್ನು ಹೊರಗೆ ಹಾಕುವ ಕಥೆ. ಬಹಿಷ್ಕಾರವನ್ನು ಅಷ್ಟು ನಿಷ್ಠುರವಾಗಿ ಕಂಡರಿಸಿದ ಚಿತ್ರವನ್ನು ಮೆಚ್ಚಿದವರೇ ನಾವು. ಗೆಳೆಯನೊಬ್ಬನನ್ನು ಒಂದು ನಯವಾದ ವಾಕ್ಯದಿಂದ ಪಂಕ್ತಿಯಿಂದ ಎಬ್ಬಿಸಿದಾಗ ನಮ್ಮಲ್ಲಿ ಯಾರಿಗೂ ಎಚ್ಚರವಾಗಲಿಲ್ಲ. ಜಾತಿಯ ಪಂಕ್ತಿಭೇದವನ್ನು ತೆರೆಯ ಮೇಲೆ ಗುರುತಿಸುವುದು ಸುಲಭ. ರುಚಿಯ ಪಂಕ್ತಿಭೇದ ನಮ್ಮ ಹಜಾರದಲ್ಲೇ ನಡೆದರೂ ಕಾಣುವುದಿಲ್ಲ.

ಇದಕ್ಕೆ ಪರಿಹಾರವನ್ನು ವಕೀಲರು ತಮ್ಮ ವೃತ್ತಿಯಿಂದಲೇ ತಂದರು. “ಇನ್ನು ಮುಂದೆ ಯಾರೂ ತಮ್ಮ ಪಕ್ಷ ತಾವೇ ವಾದಿಸತಕ್ಕದ್ದಲ್ಲ. ಎದುರು ಪಕ್ಷದ ವಕಾಲತ್ತು ಹಿಡಿಯಬೇಕು. ಗೆದ್ದರೂ ಸೋತರೂ ಪ್ರಾಮಾಣಿಕವಾಗಿ ವಾದಿಸಬೇಕು” ಎಂದರು. ಗೌಡರು ಬಂದರು. ಹೀಗೆ ನಡೆದ ಐದು ವಾರಗಳ ವಾದದಿಂದ ನನಗೆ ಸಿನಿಮಾದ ಬಗ್ಗೆ ತಿಳಿದದ್ದು, ಐವತ್ತು ವರ್ಷ ಚಿತ್ರ ನೋಡಿ ತಿಳಿದದ್ದಕ್ಕಿಂತ ಕಡಮೆಯಲ್ಲ.

ಮೊದಲ ವಾರ ಡಾಕ್ಟರಮ್ಮನಿಗೆ ಬಂದದ್ದು ‘ಸತ್ಯ ಹರಿಶ್ಚಂದ್ರ’. ಹುಣಸೂರು ಕೃಷ್ಣಮೂರ್ತಿಗಳ ನಿರ್ದೇಶನದಲ್ಲಿ 1965ರಲ್ಲಿ ಬಂದು, 2008ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ತೆರೆಗೆ ಬಂದ ಚಿತ್ರ. “ಪುರಾಣದಲ್ಲಿ ಮುಂದೇನಾಗುತ್ತೆ ಅನ್ನೋ ಕುತೂಹಲ ಇಲ್ಲ ಅಂತ ನಾನು ದೂರುತ್ತಿದ್ದೆ” ಎಂದು ಅವರು ಪ್ರಾರಂಭಿಸಿದರು. “ಆದರೆ ನನ್ನ ವೃತ್ತಿಯಲ್ಲೂ ಎಷ್ಟೋ ಸಲ ಕೊನೆ ಮೊದಲೇ ಗೊತ್ತಿರುತ್ತೆ. ಗೊತ್ತಿಲ್ಲದ್ದು ಒಂದೇ, ರೋಗಿ ಅದನ್ನ ಹೇಗೆ ತಾಳಿಕೊಳ್ಳುತ್ತಾನೆ ಅನ್ನೋದು.” ಹರಿಶ್ಚಂದ್ರ ಸುಳ್ಳು ಹೇಳುವುದಿಲ್ಲವೆಂದು ಪ್ರತಿಯೊಬ್ಬ ಪ್ರೇಕ್ಷಕನಿಗೂ ತಿಳಿದಿದೆ. ಮಡಿದ ಮಗನನ್ನು ಹೊತ್ತು ಬಂದ ಹೆಂಡತಿಯಿಂದ ಸುಡುಗಾಡಿನ ಸುಂಕ ಕೇಳುವ ಹೊತ್ತಿಗೆ ರಾಜಕುಮಾರರ ಮುಖದಲ್ಲಿ ಏನಾಗುತ್ತದೆ, ಪಂಢರಿಬಾಯಿಯವರ ಧ್ವನಿಯಲ್ಲಿ ಏನಾಗುತ್ತದೆ ಎಂಬುದು ತಿಳಿದಿಲ್ಲ. ಜನ ಅದಕ್ಕಾಗಿ ಬರುತ್ತಾರೆ. ವಕೀಲರು ಸಂತೋಷದಿಂದ ಒಂದು ಮಾತು ಸೇರಿಸಿದರು. ರಾಘವಾಂಕನ ಕಾವ್ಯದಲ್ಲಿ ಅರಸ ಮೊದಲು ಕೀಳುಕುಲದ ಗಾಯಕಿಯರನ್ನು ಕುಲದ ನೆಪದಿಂದಲೇ ನಿರಾಕರಿಸುತ್ತಾನೆ. ಕೊನೆಗೆ ವೀರಬಾಹುವಿಗೆ ತನ್ನನ್ನೇ ಮಾರಿಕೊಳ್ಳುತ್ತಾನೆ. ಸತ್ಯದ ಪರೀಕ್ಷೆಯ ಒಳಗೆ ಕುಲದ ಪರೀಕ್ಷೆಯೂ ಅಡಗಿದೆ. ಪುರಾಣ ಹಳೆಯದೆಂದು ತಳ್ಳಿಹಾಕುತ್ತಿದ್ದ ಮೇಷ್ಟ್ರು ಅಂದು ಎರಡನೆಯ ಲೋಟ ಕಾಫಿ ಕೇಳಿದರು.

ಗೌಡರು ಸುಮ್ಮನಿರಲಿಲ್ಲ. “ನಿಮ್ಮ ಹರಿಶ್ಚಂದ್ರನ್ನ ನಾನು ಇಂಗ್ಲಿಷ್ ಚಿತ್ರದಲ್ಲೂ ನೋಡಿದ್ದೇನೆ, ಟೋಪಿ ಹಾಕಿಕೊಂಡಿದ್ದ” ಎಂದರು. ಅವರು ಹೇಳಿದ್ದು 1952ರ ‘ಹೈ ನೂನ್’. ಮಧ್ಯಾಹ್ನದ ರೈಲಿಗೆ ಹಗೆಯವನು ಬರುತ್ತಾನೆ. ಊರನ್ನು ಕಾಪಾಡಿದ ಅಧಿಕಾರಿ ಮನೆಮನೆಗೆ ಹೋಗಿ ಸಹಾಯ ಕೇಳಿದರೆ ಎಲ್ಲರಿಗೂ ಒಂದೊಂದು ಕಾರಣ. ತೆರೆಯ ಮೇಲೆ ಗಡಿಯಾರ ನಡೆಯುತ್ತಿರುತ್ತದೆ; ಕಥೆಯಲ್ಲಿ ಕಳೆಯುವ ಕಾಲವೂ ನಾವು ಕುರ್ಚಿಯಲ್ಲಿ ಕಳೆಯುವ ಕಾಲವೂ ಹೆಚ್ಚುಕಡಮೆ ಒಂದೇ. ಗೆದ್ದಮೇಲೆ ಗ್ಯಾರಿ ಕೂಪರ್ ತನ್ನ ಬಿಲ್ಲೆಯನ್ನು ಕಿತ್ತು ಧೂಳಿಗೆ ಎಸೆದು ಹೊರಟುಹೋಗುತ್ತಾನೆ. ಕೊಟ್ಟ ಮಾತಿಗೆ ಒಬ್ಬಂಟಿಯಾಗಿ ನಿಂತವನ ಕಥೆಯೇ ಎರಡೂ. ಭೇದವೆಲ್ಲ ಕೊನೆಯಲ್ಲಿದೆ. ಕಾಶಿಯಲ್ಲಿ ದೇವರು ಬಂದು ಎಲ್ಲವನ್ನೂ ಹಿಂದಕ್ಕೆ ಕೊಡುತ್ತಾನೆ. ಅಮೆರಿಕದ ಆ ಪುಟ್ಟ ಊರಿನಲ್ಲಿ ಕೊಡುವವರು ಯಾರೂ ಇಲ್ಲ.

ವಕೀಲರ ಪಾಲಿಗೆ ಬಂದದ್ದು ರೋಮಾಂಚಕ ಚಿತ್ರ, ಹಿಚ್‌ಕಾಕನ ‘ಸೈಕೋ’. 1960ರಲ್ಲಿ ಆ ಚಿತ್ರ ಬಂದಾಗ ಆಟ ಮೊದಲಾದ ಮೇಲೆ ಯಾರನ್ನೂ ಒಳಕ್ಕೆ ಬಿಡಬಾರದೆಂದು ಅವನು ಕಟ್ಟುಪಾಡು ಹಾಕಿಸಿದ್ದ. ವಕೀಲರು ಅದನ್ನೇ ವಾದದ ತಳಹದಿ ಮಾಡಿಕೊಂಡರು. ಪೌರಾಣಿಕ ಚಿತ್ರಕ್ಕೆ ಅರ್ಧ ಗಂಟೆ ತಡವಾಗಿ ಹೋದರೂ ನಷ್ಟವಿಲ್ಲ, ಕಥೆ ನಮ್ಮ ಅಜ್ಜಿ ಹೇಳಿದ್ದೇ. ಇಲ್ಲಿ ಹಾಗಲ್ಲ. ಹೆಸರಾಂತ ನಟಿ ನಡುವೆಯೇ ಕೊಲೆಯಾಗುತ್ತಾಳೆ; ತಡವಾಗಿ ಬಂದವನು ಅವಳಿಗಾಗಿ ಕೊನೆಯವರೆಗೂ ಕಾದು ಕುಳಿತಾನು. “ನಾಯಕಿಗೆ ಏನೂ ಆಗದು ಅನ್ನುವುದು ಪ್ರೇಕ್ಷಕನೂ ಚಿತ್ರವೂ ಬರೆದುಕೊಂಡ ಬಾಯಿಮಾತಿನ ಕರಾರು. ಇವನು ಆ ಕರಾರನ್ನೇ ಮುರಿದು ಭಯ ಹುಟ್ಟಿಸಿದ. ಕರಾರು ಏನೆಂದು ಚೆನ್ನಾಗಿ ತಿಳಿದವನೇ ಹೀಗೆ ಮುರಿಯಬಲ್ಲ” ಎಂದರು.

ಈ ಕರಾರು ಎಂಬ ಮಾತು ನಮ್ಮ ಗೋಷ್ಠಿಯಲ್ಲಿ ನೆಲೆನಿಂತಿತು. ವಿಮರ್ಶೆಗೂ ಅದು ಉಪಯುಕ್ತವಾದ ಮಾತೆಂದು ನಾನು ತಿಳಿದಿದ್ದೇನೆ. ಒಂದೊಂದು ಬಗೆಯ ಚಿತ್ರವೂ ಮೊದಲ ರೀಲಿನಲ್ಲಿಯೇ ನಮಗೆ ಒಂದು ಮಾತು ಕೊಡುತ್ತದೆ. ತಿಳಿದ ಕಥೆಯನ್ನು ಮರಳಿ ಅನುಭವಿಸುವಂತೆ ಮಾಡುತ್ತೇನೆ ಎನ್ನುವುದು ಪೌರಾಣಿಕ. ಒಗಟು ಒಡ್ಡಿ ಬಿಡಿಸುತ್ತೇನೆ ಎನ್ನುವುದು ಪತ್ತೇದಾರಿ. ಮನೆಯೊಳಗೆ ಯಾರೂ ಬಾಯಿಬಿಟ್ಟು ಆಡದ ಮಾತನ್ನು ಗಟ್ಟಿಯಾಗಿ ಆಡಿಸುತ್ತೇನೆ ಎನ್ನುವುದು ಸಾಮಾಜಿಕ. ಏನನ್ನೂ ಒತ್ತಿ ಹೇಳುವುದಿಲ್ಲ, ನೀನೇ ನೋಡಿಕೋ ಎನ್ನುವುದು ಹೊಸ ಅಲೆ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರ ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ವಾದಿಸಿದ. ಔಚಿತ್ಯವೆಂದರೆ ಯಾವುದು ಯಾವುದಕ್ಕೆ ತಕ್ಕದ್ದು ಎಂಬ ವಿವೇಕ. ಹಗ್ಗದ ಮಂಚವನ್ನು ತಕ್ಕಡಿಯಲ್ಲಿ ತೂಗಿ, ತೂಕ ಕಡಮೆಯೆಂದು ತೆಗಳುವವನಿಗೆ ಈ ವಿವೇಕವಿಲ್ಲ. ಪತ್ತೇದಾರಿ ಚಿತ್ರದಲ್ಲಿ ತತ್ತ್ವವಿಲ್ಲವೆಂದು ಗೊಣಗುವವನೂ, ‘ಘಟಶ್ರಾದ್ಧ’ದಲ್ಲಿ ಹಾಡಿಲ್ಲವೆಂದು ಎದ್ದುಹೋಗುವವನೂ ಅದೇ ತಕ್ಕಡಿ ಹಿಡಿದವರು.

ನನಗೆ ಬಂದದ್ದು ‘ಶರಪಂಜರ’. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣನವರು 1971ರಲ್ಲಿ ತೆಗೆದ ಚಿತ್ರ. ಆ ಬಗೆಯ ಚಿತ್ರಗಳಲ್ಲಿ ಅಳು ಹೆಚ್ಚು, ಸಂಕೇತಗಳನ್ನು ಎರಡೆರಡು ಸಲ ಒತ್ತಿ ತೋರಿಸುವ ಚಪಲ ಹೆಚ್ಚು ಎಂಬುದು ನನ್ನ ಮನಸ್ಸಿನಲ್ಲಿದ್ದ ದೂರು. ವಕಾಲತ್ತಿಗಾಗಿ ಮತ್ತೆ ನೋಡಿದೆ. ದೂರು ಸುಳ್ಳಾಗಲಿಲ್ಲ. ಆದರೆ ಕಲ್ಪನಾ ಅಭಿನಯಿಸಿದ ಕಾವೇರಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಮೇಲಿನ ಭಾಗದಲ್ಲಿ ನಾನು ಹಿಂದೆ ಕಾಣದ್ದು ಕಂಡಿತು. ಅವಳಿಗೆ ವಾಸಿಯಾಗಿದೆ, ಮನೆಗೆ ವಾಸಿಯಾಗಿಲ್ಲ. ಅವಳ ಪ್ರತಿಯೊಂದು ಮಾತನ್ನೂ ಸುತ್ತಲಿನವರು ರೋಗದ ಲಕ್ಷಣವೆಂದು ನೋಡುತ್ತಾರೆ. ಗಂಡ ಮಾಡಿದ ತಪ್ಪಿಗೆ ಮನೆಯಲ್ಲಿ ಹೆಸರೇ ಇಲ್ಲ; ಅವಳ ಸಿಟ್ಟಿಗೆ ಮಾತ್ರ ಹುಚ್ಚೆಂಬ ಹೆಸರು ಸಿದ್ಧವಾಗಿದೆ. ಅಷ್ಟು ಜನ ಕೂಡಿ ಕಿವಿ ಮುಚ್ಚಿಕೊಂಡಿರುವಾಗ ಅವಳು ಕೂಗದೆ ಇನ್ನೇನು ಮಾಡಬೇಕು? ನಾನು ಅತಿಯೆಂದುಕೊಂಡಿದ್ದ ಕೂಗು ಆ ಕಥೆಗೆ ತಕ್ಕದ್ದೇ ಆಗಿತ್ತು. ಡಾಕ್ಟರಮ್ಮ, “ಆಸ್ಪತ್ರೆಯ ಭಾಗದಲ್ಲಿ ನನಗೆ ತಕರಾರಿದೆ, ಮನೆಯ ಭಾಗದಲ್ಲಿ ಇಲ್ಲ. ಅಂಥ ಮನೆಗಳನ್ನು ನಾನು ನೋಡಿದ್ದೇನೆ” ಎಂದರು.

ನಾಲ್ಕನೆಯ ವಾರ ಗೌಡರ ಸರದಿ, ‘ಘಟಶ್ರಾದ್ಧ’. ಅವರು ಏನು ಹೇಳಿಯಾರೆಂದು ನಮಗೆಲ್ಲ ಅಳುಕಿತ್ತು. ಅವರು ಹೇಳಿದ್ದು ಇದು: “ನಾನು ಇದನ್ನ ನಿಧಾನ ಅಂತಿದ್ದೆ. ನಿಧಾನ ಅಲ್ಲ. ಇದು ಪತ್ತೇದಾರಿ ಕಥೆ. ಪತ್ತೇದಾರ ಒಬ್ಬ ಹುಡುಗ.” ವೇದ ಕಲಿಯಲು ಬಂದ ನಾಣಿಗೆ ಯಮುನಕ್ಕನಿಗೆ ಏನಾಗಿದೆಯೆಂದು ತಿಳಿಯದು. ದೊಡ್ಡವರ ಪಿಸುಮಾತು, ಮುಚ್ಚಿದ ಬಾಗಿಲು, ರಾತ್ರಿ ಅವಳು ಹೊರಡುವುದು ಎಲ್ಲವೂ ಅವನಿಗೆ ಸುಳಿವುಗಳು. ಪತ್ತೇದಾರಿ ಚಿತ್ರದಲ್ಲಿ ಕೊನೆಗೆ ಅಪರಾಧಿ ಸಿಕ್ಕಿಬೀಳುತ್ತಾನೆ. ಇಲ್ಲಿ ಅಪರಾಧ ಮಾಡಿದವರೇ ತೀರ್ಪು ಕೊಡುತ್ತಾರೆ. ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತ ಯಮುನಕ್ಕನನ್ನು ಬಿಟ್ಟು ಹುಡುಗ ಅಪ್ಪನೊಡನೆ ಹೊರಡಬೇಕಾಗುತ್ತದೆ. “ಒಗಟು ಬಿಡಿಸಿಯೂ ಏನೂ ಮಾಡಲಾರದ ಪತ್ತೇದಾರನನ್ನ ನಾನು ಬೇರೆ ಯಾವ ಚಿತ್ರದಲ್ಲೂ ನೋಡಲಿಲ್ಲ” ಎಂದು ಗೌಡರು ಮುಗಿಸಿದರು. ಈ ಚಿತ್ರದ ಬಗ್ಗೆ ನಾನು ಓದಿರುವ ಬರಹಗಳು ಕಡಮೆಯಲ್ಲ. ಇಷ್ಟು ನೇರವಾದ ಮಾತನ್ನು ಅವುಗಳಲ್ಲಿ ಕಂಡ ನೆನಪಿಲ್ಲ.

ಕೊನೆಗೆ ಮೇಷ್ಟ್ರು ‘ಬಂಗಾರದ ಮನುಷ್ಯ’ದ ಪರ ನಿಂತರು. ಅವರು ಸುಳ್ಳು ಹೊಗಳಲಿಲ್ಲ. ರಾಜೀವನಲ್ಲಿ ದೋಷವೆಂಬುದೇ ಇಲ್ಲ. ಅವನು ಅಷ್ಟು ದೊಡ್ಡವನಾಗಿ ಕಾಣಲು ಸುತ್ತಲಿನವರು ಸಣ್ಣವರಾಗಬೇಕಾಗಿದೆ. ಸೋದರಳಿಯನ ಸಂಶಯ ಬೆಳೆಯುವುದಕ್ಕೆ ಕಾಲ ಕೊಟ್ಟಿಲ್ಲ ಎಂಬ ತಮ್ಮ ಹಳೆಯ ಆಕ್ಷೇಪಣೆಗಳನ್ನು ಮೊದಲೇ ಒಪ್ಪಿಸಿಬಿಟ್ಟರು. ಅನಂತರ ಹೇಳಿದರು: “ಆದರೆ ಒಂದು ಮಾತು ನನ್ನನ್ನು ಕಾಡುತ್ತಿದೆ. ಜನಪ್ರಿಯ ಚಿತ್ರದ ಕರಾರು ಏನು? ಒಳ್ಳೆಯವನಿಗೆ ಕೊನೆಗೆ ಒಳ್ಳೆಯದಾಗಬೇಕು. ಈ ಚಿತ್ರ ಅದನ್ನು ಮುರಿಯಿತು. ಬರಡು ನೆಲವನ್ನು ಹಸನು ಮಾಡಿದವನು ತಾನು ಕಟ್ಟಿದ ಮನೆಯಿಂದಲೇ ಬರಿಗೈಯಲ್ಲಿ ಹೊರಟುಹೋಗುತ್ತಾನೆ. ದೇವರೂ ಬರಲಿಲ್ಲ. ನಾಯಕ ಸೋತು ನಡೆದುಹೋಗುವುದನ್ನು ನೋಡಲು ಜನ ಎರಡು ವರ್ಷ ಸಾಲು ನಿಂತರು. ನಾನು ಆ ಜನವನ್ನು ದಡ್ಡರೆಂದುಕೊಂಡಿದ್ದೆ.” ಹಿಂದಿನ ವಾರಗಳಲ್ಲಿ ಗೌಡರ ತಂದೆಯ ಸಂಗತಿಯನ್ನು ಯಾರೂ ಮೇಷ್ಟ್ರಿಗೆ ಹೇಳಿರಲಿಲ್ಲ. ಅಂದು ಗೌಡರು ತಾವಾಗಿಯೇ ಹೇಳಿದರು.

ಹಾಗಾದರೆ ಎಲ್ಲ ಚಿತ್ರವೂ ಒಳ್ಳೆಯದೇ, ಎಲ್ಲವೂ ಸಮವೇ ಎಂದು ವಾಚಕರು ಕೇಳಬಹುದು. ಖಂಡಿತ ಅಲ್ಲ. ಕರಾರಿನ ವಿಚಾರದಲ್ಲಿ ಎರಡು ಪ್ರಶ್ನೆಗಳಿವೆ. ಕೊಟ್ಟ ಮಾತಿಗೆ ಚಿತ್ರ ನಡೆದುಕೊಂಡಿತೇ ಎಂಬುದು ಮೊದಲನೆಯದು. ಕೊಟ್ಟ ಮಾತು ಎಷ್ಟು ದೊಡ್ಡದು ಎಂಬುದು ಎರಡನೆಯದು. ಮೊದಲನೆಯದನ್ನು ಕೇಳದೆ ಎರಡನೆಯದನ್ನೇ ಕೇಳುವವನು ಅಹಂಕಾರಿ. ನಮ್ಮ ಮೇಷ್ಟ್ರು ಒಂದು ಕಾಲದಲ್ಲಿ ಹಾಗಿದ್ದರು. ಮೊದಲನೆಯದರಲ್ಲೇ ನಿಂತು ಎರಡನೆಯದನ್ನು ಕೇಳದವನು ಸೋಮಾರಿ, ಅವನು ನಾನು. ಅಗಲವಾದ ಮಾತು ಕೊಟ್ಟು ಅರ್ಧ ನಡೆಸಿದ ಚಿತ್ರವೂ ಉಂಟು, ಸಣ್ಣ ಮಾತು ಕೊಟ್ಟು ಪೂರ್ತಿ ನಡೆಸಿದ ಚಿತ್ರವೂ ಉಂಟು. ಕ್ಯಾಮರಾ ಅಲ್ಲಾಡದಿದ್ದರೆ ಗಾಂಭೀರ್ಯ ಬಂತೆಂದು ನಂಬಿದ ಹೊಸ ಅಲೆಯ ಅನುಕರಣಗಳಿಗೂ, ಅಳಿಸಿದರೆ ಕೆಲಸವಾಯಿತೆಂದು ನಂಬಿದ ಸಾಮಾಜಿಕಗಳಿಗೂ ಈ ಎರಡು ಪ್ರಶ್ನೆಗಳನ್ನು ಸಮವಾಗಿ ಕೇಳಬಹುದು. ಹಾಗೆ ಕೇಳುವುದಕ್ಕೆ ಮೊದಲು ಇನ್ನೊಬ್ಬರ ಕುರ್ಚಿಯಲ್ಲಿ ಕುಳಿತು ನೋಡಿರಬೇಕು. ನಮ್ಮ ಆಲಂಕಾರಿಕರು ಸಹೃದಯ ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಕವಿಯ ಹೃದಯಕ್ಕೆ ಸಮಾನವಾದ ಹೃದಯ. ಪಕ್ಕದಲ್ಲಿ ಕುಳಿತವನ ಹೃದಯವನ್ನೂ ಅದರಲ್ಲಿ ಸೇರಿಸಿಕೊಂಡರೆ ಶಾಸ್ತ್ರಕ್ಕೆ ಭಂಗ ಬರಲಾರದು. ನಾಟ್ಯ ಹಲವು ರುಚಿಯ ಜನಕ್ಕೆ ಒಂದೇ ಸಂತೋಷ ಎಂಬ ಅಭಿಪ್ರಾಯವನ್ನು ಕಾಳಿದಾಸ ‘ಮಾಲವಿಕಾಗ್ನಿಮಿತ್ರ’ದಲ್ಲಿ ನಾಟ್ಯಾಚಾರ್ಯನ ಬಾಯಲ್ಲಿ ಆಡಿಸಿದ್ದಾನೆ. ರುಚಿ ಹಲವಾದರೂ ಪಂಕ್ತಿ ಒಂದೇ ಎಂದು ನಾನು ಅದಕ್ಕೆ ಅರ್ಥ ಮಾಡಿಕೊಂಡಿದ್ದೇನೆ.

ಐವರೂ ಒಪ್ಪಿದ ಚಿತ್ರವೇ ಇಲ್ಲವೇ ಎಂದರೆ, ಇದೆ: ರಾಮ್ ರೆಡ್ಡಿಯವರ ‘ತಿಥಿ’. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು ಮರುವರ್ಷ ನಮ್ಮಲ್ಲಿ ತೆರೆಕಂಡ ಈ ಚಿತ್ರದಲ್ಲಿ ಅಭಿನಯಿಸಿದವರು ಮಂಡ್ಯ ಸೀಮೆಯ ಹಳ್ಳಿಗರು. ನೂರು ದಾಟಿದ ಸೆಂಚುರಿ ಗೌಡ ಸತ್ತ ದಿನದಿಂದ ತಿಥಿಯವರೆಗಿನ ಕಥೆ. ಅಪ್ಪ ಗಡ್ಡಪ್ಪ ಬದುಕಿರುವಾಗಲೇ ಸತ್ತನೆಂದು ತೋರಿಸಿ ಜಮೀನು ಮಾರಲು ಮಗ ತಮ್ಮಣ್ಣ ಪಡುವ ಪಾಡು ಕಂಡು ನಾವು ಹೊಟ್ಟೆ ಹಿಡಿದು ನಕ್ಕೆವು. ವಕೀಲರಿಗೆ ಕಾಗದಪತ್ರದ ಪ್ರಸಂಗ ಹಿಡಿಸಿತು, ಡಾಕ್ಟರಮ್ಮನಿಗೆ ಗಡ್ಡಪ್ಪ ಕುರುಬರ ಮುಂದೆ ತನ್ನ ಸಂಸಾರದ ಕಥೆ ಹೇಳುವ ರಾತ್ರಿ. ಮೇಷ್ಟ್ರು ಅದನ್ನು ಕಲಾತ್ಮಕವೆಂದರು. ಗೌಡರೂ ಚೆನ್ನಾಗಿದೆಯೆಂದರು, ಆದರೆ ಜಮೀನಿನ ಭಾಗದಲ್ಲಿ ಅವರು ನಕ್ಕಿರಲಿಲ್ಲ ಎಂಬುದನ್ನು ನಾನು ಈಚೆಗೆ ಜ್ಞಾಪಿಸಿಕೊಂಡೆ. ಅಂದು ಅದಕ್ಕೆ ಕಾರಣ ಕೇಳಬೇಕೆಂದು ನನಗೆ ತೋಚಿರಲಿಲ್ಲ. ಎಲ್ಲರೂ ಒಪ್ಪಿದ್ದೇವಲ್ಲ, ಇನ್ನೇನು ಮಾತು ಎಂದುಕೊಂಡಿದ್ದೆ. ಒಪ್ಪಿಗೆಯ ಹಿಂದೆಯೂ ಇಷ್ಟೊಂದು ಭೇದವಿರಬಹುದಾದರೆ, ಭಿನ್ನಾಭಿಪ್ರಾಯಕ್ಕೆ ಹೆದರಿ ಮಾತು ನಿಲ್ಲಿಸುವುದರಲ್ಲಿ ಅರ್ಥವಿಲ್ಲ.

ಕೆಂಪೇಗೌಡ ರಸ್ತೆಯ ಆಸುಪಾಸಿನ ಚಿತ್ರಮಂದಿರಗಳಲ್ಲಿ ಹಲವು ಈಗ ಇಲ್ಲ. ಮೆಜೆಸ್ಟಿಕ್ ಎಂಬ ಚಿತ್ರಮಂದಿರ ಹೋಗಿ ಹೆಸರು ಮಾತ್ರ ಬೀದಿಗೆ ಉಳಿದಿದೆ. ಅಲ್ಲಿ ಬಾಲ್ಕನಿಗೂ ಗಾಂಧಿ ಕ್ಲಾಸಿಗೂ ಭೇದವಿತ್ತು, ನಿಜ. ಆದರೆ ಎಲ್ಲರೂ ನೋಡುತ್ತಿದ್ದದ್ದು ಒಂದೇ ತೆರೆ. ಈಗ ಪ್ರತಿಯೊಬ್ಬರ ಅಂಗೈಯಲ್ಲೂ ಒಂದೊಂದು ತೆರೆಯಿದೆ. ನಿನ್ನೆ ಏನು ಮೆಚ್ಚಿದೆವೋ ಅಂಥದನ್ನೇ ಅದು ಇಂದೂ ಬಡಿಸುತ್ತದೆ. ಪಕ್ಕದ ಎಲೆಯಲ್ಲಿ ಏನಿದೆಯೆಂದು ಕಾಣುವುದೂ ಇಲ್ಲ, ಕೇಳುವ ಅವಶ್ಯಕತೆಯೂ ಬೀಳುವುದಿಲ್ಲ. ಆದ್ದರಿಂದ ಹಜಾರದಲ್ಲಿ ನಾಲ್ಕು ಜನ ಕುಳಿತು ಜಗಳವಾಡುವುದು ಹಿಂದೆಂದಿಗಿಂತ ಈಗ ಹೆಚ್ಚು ಬೇಕಾದ ಕೆಲಸ.

ಬರುವ ಭಾನುವಾರ ವಾದದ ಎರಡನೆಯ ಸುತ್ತು. ನನ್ನ ಪಾಲಿಗೆ ಬಂದಿರುವುದು 1968ರ ‘ಜೇಡರ ಬಲೆ’, ದೊರೆ–ಭಗವಾನರ ಸಿ.ಐ.ಡಿ. 999. ನೋಡಿ ನಲವತ್ತು ವರ್ಷವಾಗಿತ್ತು. ನಿನ್ನೆ ರಾತ್ರಿ ಮತ್ತೆ ನೋಡಿದೆ. ಗೌಡರ ಪರವಾಗಿ ಆಡಬಹುದಾದ ಮಾತು ಮೂರು ಸಿಕ್ಕಿವೆ. ನಾಲ್ಕನೆಯದಕ್ಕಾಗಿ ಇಂದು ಇನ್ನೊಮ್ಮೆ ನೋಡುವವನಿದ್ದೇನೆ.